ಬೆಲೆಗೆ ಬಿಟ್ಟ ಜಾಗ

ಮೂರನೆಯ ಪೀಪಾಯಿಯ ಬಿರಡೆಯನ್ನು ಮರದ ಸುತ್ತಿಗೆಯಿಂದ ಆ ಕಡೆಗೊಮ್ಮೆ ಈ ಕಡೆಗೊಮ್ಮೆ ತಟ್ಟಿ ಸಡಿಲಿಸಿ, ಕಿತ್ತು, ಸೊಂಟಕ್ಕೆ ಕಟ್ಟಿಕೊಂಡ ಬಟ್ಟೆಯಲ್ಲಿ ಒರೆಸಿ, ಒಳಗೆ ಟಾರ್ಚು ಬಿಟ್ಟು ನೋಡಿದಳು. ವೈನು ಬಾಯಿಯಿಂದ ಎರಡು ಬೆರಳು ಕೆಳಗಿಳಿದಿತ್ತು. ಮರ ಕುಡಿದದ್ದು. ಯಾರೂ ಕದಿಯುವುದಿಲ್ಲ, ಎಲ್ಲಿಯೂ ಸೋರುವುದಿಲ್ಲ, ಆದರೂ ವಾರ ಕಳೆಯುವಷ್ಟರಲ್ಲಿ ಇಷ್ಟು ಕಡಿಮೆಯಾಗಿರುತ್ತದೆ. ಕಡಿಮೆಯಾದ ಜಾಗದಲ್ಲಿ ಗಾಳಿ ಬಂದು ಕೂರುತ್ತದೆ, ಗಾಳಿ ಕೂತರೆ ಹುಳಿಯಾಗುತ್ತದೆ. ಅದಕ್ಕೇ ಜಗ್ಗಿನಿಂದ ಆಲಿಕೆಗೆ ನಿಧಾನವಾಗಿ ಸುರಿದು, ಬಾಯಿತನಕ ತುಂಬಿಸಿ, ಬಿರಡೆ ಕೂರಿಸಬೇಕು. ಹನಿಯೂ ಚೆಲ್ಲಬಾರದು. ಇವತ್ತು ಗಮನ ಬೇರೆಲ್ಲೋ ಇತ್ತು. ಸುರಿದದ್ದು ಒಂದಿಷ್ಟು ಪೀಪಾಯಿಯ ಹೊಟ್ಟೆಯ ಮೇಲೆ ಹರಿದು, ಹಳೆಯ ಕಲೆಗಳ ಜೊತೆ ಸೇರಿಕೊಂಡಿತು.

"ಅತ್ತಿಗೆ, ಮಧ್ಯಾಹ್ನ ಟ್ಯಾಂಕರ್ ಹೊಟ್ಟೆ ಸೇರೋದಕ್ಕೆ ಬೆಳಿಗ್ಗೆ ಬೆಳಿಗ್ಗೆ ಈ ಉಪಚಾರ ಯಾಕೆ?" ನೆಲಮಾಳಿಗೆಯ ಮೆಟ್ಟಿಲ ಮೇಲೆ ನಿಂತು ನಾದಿನಿ ಕೇಳಿದಳು.

"ಅಭ್ಯಾಸ."

"ಬಾಯಿತನಕ ತುಂಬಿದೆ ಅಂತ ವೈನ್ ಕಾರ್ಖಾನೆಯವರು ಎರಡು ಕಾಸು ಹೆಚ್ಚಿಗೆ ಕೊಡ್ತಾರಾ?"

"ಕೊಡಲ್ಲ. ಅರೆಹೊಟ್ಟೇಲಿ ಕಳಿಸೋಕೆ ಮನಸ್ಸು ಬರಲ್ಲ."

"ನಿಮಗೆ ಎಲ್ಲದಕ್ಕೂ ಮನಸ್ಸು ಬರುತ್ತೆ. ಟ್ಯಾಂಕರಿಗೆ ಫೋನ್ ಮಾಡೋಕೂ ಬಂತು. ಒಂದು ಕಾಗದ ಬರೆದು ಹಾಕೋಕೆ ಮಾತ್ರ ಬರಲ್ಲ." ಅಷ್ಟು ಹೇಳಿ ನಾದಿನಿ ಹೊರಟುಹೋದಳು. ಅವಳ ಚಪ್ಪಲಿಯ ಸದ್ದು ಅಡುಗೆಮನೆಯವರೆಗೂ ಜಗಳವಾಡುತ್ತಲೇ ಹೋಯಿತು.

ಕಾಗದ ಅಲ್ಲೇ ಇತ್ತು, ಅಡುಗೆಮನೆಯ ಖಾನೆಯಲ್ಲಿ, ಚಮಚಗಳ ಕೆಳಗೆ. ಚಳಿಗಾಲದಲ್ಲಿ ಪೇಟೆಯ ವೈನ್ ಅಂಗಡಿಯಾಕೆ ಬರೆದಿದ್ದಳು: ಹೋದ ವರ್ಷ ವೈನ್ ಮೇಳದ ಸಭಾಂಗಣದಲ್ಲಿ ನಿಮ್ಮ ವೈನು ಕುಡಿದೆ, ಮರೆತಿಲ್ಲ, ಈ ವರ್ಷದ ನಾಲ್ಕು ಪೀಪಾಯಿಯೂ ನನಗೆ ಬೇಕು, ಬೆಲೆಯನ್ನು ನೀವೇ ಬರೆಯಿರಿ. ಉತ್ತರವನ್ನು ಇವಳು ಅದೇ ವಾರ ಬರೆದು ಅದರ ಜೊತೆಗೇ ಇಟ್ಟಿದ್ದಳು. ತಮ್ಮ ಕಾಗದ ತಲುಪಿತು, ಸಂತೋಷವಾಯಿತು, ಬಾಟಲಿ ಒಂದಕ್ಕೆ ಇಷ್ಟರಂತೆ ಕೊಡಲು ಒಪ್ಪಿಗೆ ಇದೆ. ಇಷ್ಟು ಎನ್ನುವಲ್ಲಿ ಜಾಗ ಬಿಟ್ಟಿದ್ದಳು. ಬೆಲೆ ತೋಚಿದ ಮೇಲೆ ತುಂಬೋಣ ಎಂದು ಬಿಟ್ಟ ಜಾಗ ಹಾಗೆಯೇ ಉಳಿದು, ಚಳಿ ಹೋಗಿ, ಬಳ್ಳಿ ಚಿಗುರಿ, ಈಗ ಕಾಯಿ ಕಟ್ಟುತ್ತಿತ್ತು. ಮೊನ್ನೆ ಅಂಗಡಿಯಾಕೆ ಫೋನಿನಲ್ಲಿ, ವಾರದ ಕೊನೆಗೆ ನನ್ನ ಪಟ್ಟಿ ಅಚ್ಚಿಗೆ ಹೋಗುತ್ತದೆ, ಬಾಯಲ್ಲಿ ಹೇಳಬೇಡಿ, ನಿಮ್ಮ ಕೈಬರಹ ಬೇಕು ಎಂದಿದ್ದಳು. ಫೋನು ಇಟ್ಟ ಕೈಯಿಂದಲೇ ಇವಳು ಕಾರ್ಖಾನೆಗೆ ಫೋನ್ ಮಾಡಿ ಟ್ಯಾಂಕರ್ ಕರೆಸಿದ್ದಳು. ಪರೀಕ್ಷೆಗೆ ಹೆದರಿದ ಮಕ್ಕಳು ಹೊಟ್ಟೆನೋವು ತಂದುಕೊಳ್ಳುವುದಿಲ್ಲವೇ, ಹಾಗೆ ಏನೋ.

ಕಾರ್ಖಾನೆಯಲ್ಲಿ ಬೆಲೆಯ ತಲೆನೋವಿಲ್ಲ. ಗಂಡ ಇದ್ದಷ್ಟು ವರ್ಷವೂ ದ್ರಾಕ್ಷಿ ಅಲ್ಲಿಗೇ ಹೋಗುತ್ತಿತ್ತು. ಅಂಗಳದಲ್ಲಿ ಗಾಡಿಗಳು ಸಾಲಾಗಿ ನಿಲ್ಲುತ್ತಿದ್ದವು. ಕನ್ನಡಕದವನೊಬ್ಬ ಬಂದು ಒಂದು ಹಣ್ಣು ಹಿಸುಕಿ, ರಸವನ್ನು ಗಾಜಿನ ಮೇಲೆ ಬಿಟ್ಟು, ಸಿಹಿ ಎಷ್ಟಿದೆ ನೋಡಿ, ತೂಕ ಬರೆದುಕೊಂಡು, ಹೂಂ ಎನ್ನುತ್ತಿದ್ದ. ಆ ಹೂಂ ಅಂದರೆ ಬೆಲೆ. ಆಮೇಲೆ ಗಾಡಿಯ ಹಿಂಬದಿ ಎತ್ತಿ ಎಲ್ಲರ ಹಣ್ಣನ್ನೂ ಒಂದೇ ಹೊಂಡಕ್ಕೆ ಸುರಿಯುತ್ತಿದ್ದರು. ತಮ್ಮ ಕಲ್ಲುಗುಡ್ಡದ ಸಣ್ಣ ಕಪ್ಪು ಹಣ್ಣು, ಕೆಳಗಿನ ಬಯಲಿನವರ ನೀರು ತುಂಬಿದ ದಪ್ಪ ಹಣ್ಣಿನ ಮೇಲೆ ಬಿದ್ದು ಕಾಣದೆ ಹೋಗುವುದನ್ನು ಅವಳು ಪ್ರತಿ ಸಲವೂ ನೋಡುತ್ತಿದ್ದಳು. ಪ್ರತಿ ಸಲವೂ ಅವಳ ಗಂಡ, "ಏನು ನೋಡ್ತೀಯ, ಬಾ, ಬೆಲೆ ಹೇಳೋರು ನಾವಲ್ಲ" ಎನ್ನುತ್ತಿದ್ದ. ಬೇಸರದಿಂದೇನೂ ಅಲ್ಲ, ಸ್ವಲ್ಪ ನಿರಾಳವಾಗಿಯೇ. ಬೆಲೆ ಹೇಳುವವರು ನಾವಲ್ಲ ಎನ್ನುವುದರಲ್ಲಿ ಒಂದು ಸುಖವಿತ್ತು, ಅದು ಅವಳಿಗೆ ಈಗ ಗೊತ್ತಾಗುತ್ತಿತ್ತು. ನಾಲ್ಕನೆಯ ಪೀಪಾಯಿಯ ಬಿರಡೆ ತಟ್ಟಿದಳು. ಗಂಡ ತೀರಿಹೋದ ಮೇಲೆ, ಹೊಂಡಕ್ಕೆ ಸುರಿಯುವುದಿಲ್ಲ ಎಂದು ಹಟ ಹಿಡಿದವಳು ಅವಳೇ. ಇವತ್ತು ಟ್ಯಾಂಕರ್ ಕರೆಸಿದವಳೂ ಅವಳೇ.

ಮೊದಲ ವರ್ಷದ ವೈನಿಗೆ ಅವಳು ಬೆಲೆ ಕಟ್ಟಿದ್ದು ಮನೆಯ ಲೆಕ್ಕದಲ್ಲಿ. ಬಾಟಲಿಗೆ ಇಷ್ಟು, ಬಿರಡೆಗೆ ಇಷ್ಟು, ಇಬ್ಬರ ಕೂಲಿ ಇಷ್ಟು, ಮೇಲೆ ನಾಚಿಕೆಯಾಗದಷ್ಟು ಲಾಭ. ಮರ ಕುಡಿದದ್ದನ್ನು ಸೇರಿಸಿರಲಿಲ್ಲ, ಮರವನ್ನು ಯಾರು ಕೇಳುತ್ತಾರೆ. ಸಭಾಂಗಣದಲ್ಲಿ ಬಿಳಿ ಬಟ್ಟೆ ಹಾಸಿದ ಮೇಜುಗಳ ಸಾಲಿನಲ್ಲಿ ಅವರದು ಕಡೆಯ ಮೇಜು. ಪ್ರತಿ ಮೇಜಿನ ಮೇಲೆ ಬಾಟಲಿ, ಗ್ಲಾಸು, ರುಚಿ ನೋಡಿದ್ದನ್ನು ಉಗುಳುವ ಪಾತ್ರೆ, ಬೆಲೆಯ ಚೀಟಿ. ಪಕ್ಕದ ಮೇಜಿನವರು ಹೆಸರುವಾಸಿ ತೋಟದವರು, ಅವರ ಚೀಟಿಯ ಮೇಲಿನ ಬೆಲೆ ಇವರದರ ನಾಲ್ಕರಷ್ಟು. ಬೆಳಿಗ್ಗೆಯೆಲ್ಲ ಜನ ಅಲ್ಲಿಂದ ತಿರುಗಿ ಹೋಗುತ್ತಿದ್ದರು, ರಸ್ತೆ ಅಲ್ಲಿಗೇ ಮುಗಿಯಿತು ಎನ್ನುವಂತೆ. ಒಬ್ಬ ಮಾತ್ರ ಬಂದ, ಬೂದು ಕೋಟಿನವನು. ಗ್ಲಾಸು ತಿರುಗಿಸಿ, ಮೂಗಿಟ್ಟು, ಕಣ್ಣು ಮುಚ್ಚಿ, ಒಂದು ಗುಟುಕು ಬಾಯಲ್ಲಿ ಇಟ್ಟುಕೊಂಡು, ಮೆಚ್ಚಿ ತಲೆ ಆಡಿಸಿದ. ಆ ತಲೆಯಾಟ ಅವಳ ಎದೆಯೊಳಗೆ ಇಳಿಯುತ್ತಿರುವಾಗಲೇ ಅವನ ಕಣ್ಣು ತೆರೆದು ಚೀಟಿಯ ಮೇಲೆ ಬಿತ್ತು. ಬಾಯಲ್ಲಿದ್ದದ್ದನ್ನು ಪಾತ್ರೆಗೆ ಉಗುಳಿ, "ಇಷ್ಟೇನಾ?" ಎಂದ. ಯಾರೋ ತನ್ನ ಜೇಬಿಗೆ ಕೈಹಾಕಿದ್ದನ್ನು ತಡವಾಗಿ ಕಂಡುಕೊಂಡವನಂತೆ ಅವಳನ್ನು ನೋಡಿ ಹೊರಟುಹೋದ. ಒಂದು ವರ್ಷದಿಂದ ಆ ಮುಖ ಅವಳ ಜೊತೆಗಿದೆ. ಪಾತ್ರೆ ತೊಳೆಯುವಾಗ ಬರುತ್ತದೆ, ಬಳ್ಳಿ ಕತ್ತರಿಸುವಾಗ ಬರುತ್ತದೆ, ಮತ್ತು ಬಂದಾಗಲೆಲ್ಲ ಅವಳು ಅದಕ್ಕೆ ಮನಸ್ಸಿನಲ್ಲೇ ಎರಡು ಬಿಗಿಯುತ್ತಾಳೆ.

ಅದಾದ ಮೇಲೆ ನಾದಿನಿಯ ಅವಾಂತರ. ಊಟದ ಹೊತ್ತಿನಲ್ಲಿ ಮೇಜು ಒರೆಸಲು ಚೀಟಿಗಳನ್ನು ಎತ್ತಿಟ್ಟಿದ್ದರು. ಕನ್ನಡಕ ಹಾಕಿಕೊಂಡರೆ ವಯಸ್ಸಾಗಿ ಕಾಣುತ್ತೇನೆ ಎನ್ನುವ ನಾದಿನಿ, ಪಕ್ಕದ ಮೇಜಿನವರ ಚೀಟಿಯನ್ನು ತಂದು ತಮ್ಮ ಬಾಟಲಿಯ ಮುಂದಿಟ್ಟಳು. ಮಧ್ಯಾಹ್ನ ಜನ ಬಂದರು. ಬಂದವರು ನಿಂತರು. ನಿಂತವರು ಮಾತಾಡಿದರು. ಕಲ್ಲಿನ ವಾಸನೆ ಇದೆ ಎಂದರು, ಒಣಗಿದ ಹೂವಿನದು ಎಂದರು, ಒಬ್ಬಾಕೆ ನಮ್ಮಜ್ಜಿಯ ಪೆಟ್ಟಿಗೆ ನೆನಪಾಯಿತು ಎಂದಳು, ಬಾಟಲಿಗಳನ್ನು ಕೊಂಡುಕೊಂಡರು. ಹಣದ ಡಬ್ಬಿ ನಾದಿನಿಯ ಕಡೆಗಿದ್ದುದರಿಂದ ಇವಳಿಗೆ ತಿಳಿದದ್ದು ತಡವಾಗಿ. ತಿಳಿದ ಕೂಡಲೇ ಎದ್ದು ನಿಂತು, ಸಭಾಂಗಣಕ್ಕೆಲ್ಲ ಕೇಳುವಂತೆ, ಅದು ನಮ್ಮ ಬೆಲೆ ಅಲ್ಲ, ದಯವಿಟ್ಟು ಬಂದು ಹೆಚ್ಚಿನ ಹಣ ವಾಪಸು ತೆಗೆದುಕೊಳ್ಳಿ ಎಂದು ಕೂಗಿದಳು. ಜನ ಬಂದರು. ಆದರೆ ಹೆಚ್ಚಿನ ಹಣ ತೆಗೆದುಕೊಂಡು ಹೋಗಲಿಲ್ಲ. ಬಾಟಲಿಯನ್ನೇ ಕೊಟ್ಟು, ಪೂರ್ತಿ ಹಣ ತೆಗೆದುಕೊಂಡು ಹೋದರು. ಅಜ್ಜಿಯ ಪೆಟ್ಟಿಗೆಯಾಕೆ, "ನಂಗೆ ಆಗಲೇ ಏನೋ ಅನುಮಾನ ಇತ್ತು" ಎಂದು ಪಕ್ಕದವಳಿಗೆ ಹೇಳಿದ್ದು ಇವಳಿಗೆ ಕೇಳಿಸಿತು. ಅದೇ ವೈನು, ಬಾಟಲಿಯೂ ಅದೇ, ಕಾಲುಪಾಲು ಬೆಲೆಗೆ ಸಿಗುತ್ತಿರುವುದನ್ನು ಹಾವು ಮುಟ್ಟಿದವರಂತೆ ಮೇಜಿನ ಮೇಲೆ ಇಟ್ಟು ಹೋದರು. ಮನೆಗೆ ಬಂದು ಚಪ್ಪಲಿ ಬಿಚ್ಚುತ್ತ ನಾದಿನಿಯದು ಒಂದೇ ಮಾತು: "ಅತ್ತಿಗೆ, ನಿಮ್ಮ ಸತ್ಯಕ್ಕೆ ಒಂದು ಪೀಪಾಯಿ ಮಾಡಿಸಿ ನೆಲಮಾಳಿಗೇಲಿ ಇಡೋಣ."

ನಾಲ್ಕೂ ತುಂಬಿದವು. ಜಗ್ಗಿನಲ್ಲಿ ಸ್ವಲ್ಪ ಉಳಿಯಿತು. ಅದನ್ನು ಮೇಲೆ ತಂದು ಅಡುಗೆಮನೆಯ ಕಟ್ಟೆಯ ಮೇಲಿಟ್ಟು, ಕೈ ತೊಳೆದುಕೊಂಡು, ಹಿತ್ತಲಿಗೆ ಹೋದಳು. ಒಗೆದ ಬಟ್ಟೆ ಹರವಬೇಕಿತ್ತು. ಹರವುತ್ತ, ಹೆಚ್ಚಿನ ಬೆಲೆ ಬರೆದರೆ ಏನಾಗುತ್ತದೆ ಎಂದು ಯೋಚಿಸಿದಳು. ಯೋಚನೆ ಹೊಸದಲ್ಲ. ಹೆಚ್ಚು ಬರೆದರೆ ಆ ಮಧ್ಯಾಹ್ನದ ಚೀಟಿಯನ್ನು ತಾನೇ ಕೈಯಾರೆ ಇಟ್ಟಂತೆ. ಕಡಿಮೆ ಬರೆದರೆ ಅಂಗಡಿಯಾಕೆಯೂ ಓದಿ, ಇಷ್ಟೇನಾ ಎನ್ನುತ್ತಾಳೆ. ನಡುವೆ ಬರೆಯೋಣವೆಂದರೆ ನಡು ಯಾವುದು? ಅಳತೆ ಗೊತ್ತಿಲ್ಲದ ಬಟ್ಟೆಯ ನಡು ಹುಡುಕಿದ ಹಾಗೆ. ಒದ್ದೆ ಹಾಸಿಗೆ ಬಟ್ಟೆಯನ್ನು ತಂತಿಯ ಮೇಲೆ ಎಳೆದಳು. ಅದು ಒಂದು ಕಡೆ ಉದ್ದವಾಗಿ, ಒಂದು ಕಡೆ ಗಿಡ್ಡವಾಗಿ ಜೋತುಬಿತ್ತು. ಎಷ್ಟು ಎಳೆದರೂ ಸಮವಾಗಲಿಲ್ಲ.

ಊಟಕ್ಕೆ ಕರೆದಾಗ ಮೇಜಿನ ಮೇಲೆ ಎರಡು ಗ್ಲಾಸು ಇದ್ದವು. ಒಂದರ ಹಿಂದೆ ಬೆಳಗಿನ ಜಗ್ಗು. ಇನ್ನೊಂದರ ಹಿಂದೆ ಪಕ್ಕದ ಮೇಜಿನ ಹೆಸರುವಾಸಿ ತೋಟದವರ ಬಾಟಲಿ, ಆ ದಿನ ರೋಷಕ್ಕೆ ನಾದಿನಿ ಕೊಂಡುತಂದದ್ದು.

"ಏನೇ ಇದು?"

"ಟ್ಯಾಂಕರ್ ಬರೋಕೆ ಇನ್ನೂ ಹೊತ್ತಿದೆ. ನಮ್ಮದನ್ನ ಕಳಿಸೋ ಮೊದಲು ಅವರದರ ಪಕ್ಕ ಇಟ್ಟು ಒಂದು ಸಲ ಕುಡಿದುಬಿಡಿ. ಆಮೇಲೆ ಬೇಕಾದ್ರೆ ಹೊಂಡಕ್ಕಾದ್ರೂ ಸುರೀರಿ, ನಾನು ಬಾಯಿ ಬಿಡಲ್ಲ."

"ನೀನು ಬಾಯಿ ಬಿಡಲ್ಲ ಅನ್ನೋದಕ್ಕೆ ಕುಡೀಬಹುದು" ಎಂದು ಇವಳು ಕುರ್ಚಿ ಎಳೆದುಕೊಂಡಳು. ಮೊದಲು ತಮ್ಮದು. ನಾಲಿಗೆಯ ಮೇಲೆ ಇಟ್ಟುಕೊಂಡಳು. ಪರಿಚಯದ ರುಚಿ, ಮನೆಯವರ ದನಿಯ ಹಾಗೆ. ಚೆನ್ನಾಗಿದೆ, ಆದರೆ ಕೊನೆಯಲ್ಲಿ ಒಂದು ಒರಟು, ಗಂಟಲಿಗೆ ಸ್ವಲ್ಪ ಹಿಡಿಯುತ್ತದೆ, ಆ ಒರಟು ಯಾಕೆ ಬಂತು, ಮೂರನೆಯ ಪೀಪಾಯಿಯನ್ನು ಒಂದು ವಾರ ತಡವಾಗಿ ತುಂಬಿಸಿದ್ದಕ್ಕಾ? ನೀರು ಕುಡಿದು ಇನ್ನೊಂದನ್ನು ತೆಗೆದುಕೊಂಡಳು. ಇದು ಬೇರೆ. ಇದು ತಾನಾಗಿ ಇಳಿಯುತ್ತದೆ. ಇಳಿದ ಮೇಲೂ ಸ್ವಲ್ಪ ಹೊತ್ತು ಬಾಯಲ್ಲಿ ಕೂತಿರುತ್ತದೆ, ಹೊರಡಲು ಆತುರವಿಲ್ಲದ ನೆಂಟರಂತೆ. ಇನ್ನೊಂದು ಗುಟುಕು ಕುಡಿದಳು, ಅಸೂಯೆಯಿಲ್ಲದೆ, ಸೋತವರಿಗೆ ಬರುವ ಒಂದು ಸಮಾಧಾನದಲ್ಲಿ. "ಏನಂದ್ರೂ ಅವರದು ಅವರದೇ ಕಣೇ" ಎಂದಳು. "ನಮ್ಮದು ಕೊನೇಲಿ ಒರಟು. ಇದು ನೋಡು, ಎಷ್ಟು ಉದ್ದಕ್ಕೆ ಬರುತ್ತೆ."

ನಾದಿನಿ ಕೈಯಲ್ಲಿದ್ದ ಚಮಚವನ್ನು ಕೆಳಗಿಟ್ಟಳು. ಅವಳ ಮುಖ ಮೊದಲು ಬಿಳಿಚಿತು, ಆಮೇಲೆ ಏನು ಮಾಡುವುದೆಂದು ತಿಳಿಯದೆ ನಗುವಿಗೆ ತಿರುಗಿತು.

"ಅತ್ತಿಗೆ, ಆ ಬಾಟಲಿ ಖಾಲಿಯಾಗಿ ಎಷ್ಟು ಕಾಲ ಆಯ್ತು ಗೊತ್ತಾ? ಅರ್ಧ ನಾನು ಕುಡಿದೆ, ಅರ್ಧ ಸಾರಿಗೆ ಹಾಕಿದೆ, ನೀವು ಎರಡನೇ ಸಲ ಬಡಿಸಿಕೊಂಡ್ರಿ."

"ಮತ್ತೆ ಇದು?"

"ಬೆಳಿಗ್ಗೆ ನೀವು ಜಗ್ಗಲ್ಲಿ ಉಳಿಸಿ ತಂದಿಟ್ಟಿದ್ರಲ್ಲ. ಎರಡೂ ಅದೇ. ಎರಡೂ ಒಂದೇ ಅಂತೀರಿ, ಆಗ ಮತ್ತೆ ಬೆಲೆ ಯಾಕೆ ಬೇರೆ ಅಂತ ಹಿಡ್ಕೊಂಡು ಕೇಳೋಣ ಅಂತ ನಾನು ಮಾಡಿದ್ದು. ನೀವು ನೋಡಿದ್ರೆ..." ಅವಳಿಗೆ ನಗು ಬಂದು, ಕೆಮ್ಮು ಬಂದು, ಕಣ್ಣಲ್ಲಿ ನೀರು ಬಂತು.

ಇವಳು ನಗಲಿಲ್ಲ. ಕಿವಿ ಬಿಸಿಯಾಯಿತು. ಗ್ಲಾಸನ್ನು ಕೆಳಗಿಡಲು ಜಾಗ ಹುಡುಕಿದಳು, ಅಷ್ಟು ದೊಡ್ಡ ಮೇಜಿನ ಮೇಲೆ. ಬಳ್ಳಿ ನೆಟ್ಟವಳು, ಹಣ್ಣು ಬಿಡಿಸಿದವಳು, ಇವತ್ತು ಬೆಳಿಗ್ಗೆ ತನ್ನ ಕೈಯಿಂದಲೇ ಸುರಿದದ್ದನ್ನು ಗುರುತಿಸಲಾರದವಳು. ಒರಟು ಎಂದಳಲ್ಲ, ಆ ಒರಟು ನಿಜವಾಗಿ ನಾಲಿಗೆಗೆ ತಗುಲಿತ್ತು. ನಟಿಸಿರಲಿಲ್ಲ. ಉದ್ದಕ್ಕೆ ಬಂದದ್ದೂ ನಿಜವಾಗಿ ಬಂದಿತ್ತು. ಹಾಗಾದರೆ ಬೂದು ಕೋಟಿನವನಿಗೂ ತಗುಲಿರಬೇಕು. ಚೀಟಿ ನೋಡಿದ ಕ್ಷಣ ಅವನ ಬಾಯಲ್ಲಿದ್ದ ವೈನು ನಿಜವಾಗಿಯೇ ಕೆಟ್ಟಿರಬೇಕು, ಪಾಪ, ಚೆನ್ನಾಗಿದೆ ಎಂದು ತಲೆಯಾಡಿಸಿದ ತಪ್ಪಿಗೆ ಅವನೂ ನಾಚಿಕೊಂಡಿರಬೇಕು. ಒಂದು ವರ್ಷ ಬೈದ ಮುಖ ಈಗ ಎದುರಿನ ಗಾಜಿನಲ್ಲಿ ಕಂಡ ಹಾಗಾಯಿತು, ಅದು ತನ್ನದೇ ಮುಖ. ಅವಳಿಗೆ ಅವನ ಮೇಲಿದ್ದ ಸಿಟ್ಟು, ಬಿರಡೆ ತೆಗೆದಾಗ ಗಾಳಿ ಹೋಗುವಂತೆ, ಸದ್ದಿಲ್ಲದೆ ಹೋಯಿತು. ವೈನಿಗಿಂತ ಮೊದಲು ಬೆಲೆ ಬಾಯೊಳಗೆ ಹೋಗಿ ಕೂತಿರುತ್ತದೆ. ಬನ್ನಿ, ಕೂತ್ಕೊಳ್ಳಿ ಎಂದು ಕರೆದು ಬಡಿಸಿದ ಊಟವೂ, ಬಂದೆಯಾ, ಇದೆ ನೋಡು, ಹಾಕ್ಕೊ ಎಂದು ತೋರಿಸಿದ ಊಟವೂ ಒಂದೇ ಪಾತ್ರೆಯದಾದರೂ ಒಂದೇ ರುಚಿ ಇರುತ್ತದೆಯೇ? ತಾನು ಆ ದಿನ ತನ್ನ ವೈನನ್ನು ಹಾಕ್ಕೊ ಎಂದಿದ್ದಳು. ಅದನ್ನೇ ಪ್ರಾಮಾಣಿಕತೆ ಎಂದುಕೊಂಡಿದ್ದಳು.

ಆಮೇಲೆ, ಕರೆಯದೆಯೇ, ಆ ದಿನ ಸಭಾಂಗಣಕ್ಕೆ ಬಂದಿದ್ದ ಟೋಪಿಯ ಮುದುಕನೊಬ್ಬ ನೆನಪಿಗೆ ಬಂದ. ಇವನು ಇಷ್ಟು ದಿನ ಎಲ್ಲಿದ್ದ? ಬಾಟಲಿ ವಾಪಸು ಕೊಡುವವರ ಸಾಲಿನಲ್ಲಿ ಅವನೂ ನಿಂತಿದ್ದ. ಅವನ ಸರದಿ ಬಂದಾಗ ಇವಳು ಮುಖ ನೋಡದೆ ಹಣ ಎಣಿಸಿ ಮುಂದೆ ಚಾಚಿದ್ದಳು. ಅವನು ತೆಗೆದುಕೊಳ್ಳಲಿಲ್ಲ. "ದುಡ್ಡು ಇಟ್ಕೊಳ್ಳಮ್ಮ. ಇನ್ನೊಂದು ಬಾಟಲಿ ಕೊಡು" ಎಂದ. ಲೆಕ್ಕದ ಪ್ರಕಾರ ನಿಮಗೆ ಇನ್ನೂ ಮೂರು ಬಾಟಲಿ ಬರಬೇಕು ಎಂದಳು ಇವಳು. "ಲೆಕ್ಕ ನಂಗೂ ಬರುತ್ತೆ. ಕುಡಿದು ನೋಡಿದ್ದೀನಿ. ಅಷ್ಟು ದುಡ್ಡಿಗೆ ಒಂದು ಅಂದ್ರೆ ನಂಗೆ ದುಬಾರಿ ಆಯ್ತು, ನಾಲ್ಕು ಅಂದ್ರೆ ನಿಂಗೆ ಮೋಸ ಆಯ್ತು. ಎರಡು ಸರಿ." ಇವಳು ಉಳಿದೆರಡು ಬಾಟಲಿ ಎತ್ತಿಕೊಂಡು ಬಾಗಿಲವರೆಗೂ ಅವನ ಹಿಂದೆ ಓಡಿದ್ದಳು. ಅವನು ತಿರುಗದೆ ಕೈ ಎತ್ತಿ, ಬೇಡ ಎಂದು ಸನ್ನೆ ಮಾಡಿ, ಎರಡನ್ನು ಕಂಕುಳಲ್ಲಿ ಇಟ್ಟುಕೊಂಡು ಮೆಟ್ಟಿಲಿಳಿದ. ಅವನು ಅಯ್ಯೋ ಪಾಪ ಎಂದು ಭಿಕ್ಷೆ ಹಾಕಿ ಹೋದ ಎಂದುಕೊಂಡಿದ್ದಳು. ಆ ದಿನದ ಅವಮಾನಗಳಲ್ಲಿ ಅದನ್ನೂ ಒಂದಾಗಿ ಸೇರಿಸಿ, ಕೋಟಿನವನಷ್ಟು ದೊಡ್ಡದಲ್ಲವೆಂದು ಎಲ್ಲಿಯೋ ತಳದಲ್ಲಿ ಹಾಕಿ, ನಾದಿನಿಗೂ ಹೇಳಿರಲಿಲ್ಲ. ಈಗ ಯೋಚಿಸಿದರೆ, ಎರಡೂ ಚೀಟಿ ನೋಡಿದ ಮೇಲೆ, ಎರಡನ್ನೂ ಪಕ್ಕಕ್ಕಿಟ್ಟು, ತನ್ನ ನಾಲಿಗೆಯನ್ನು ಕೇಳಿ ಬೆಲೆ ಹೇಳಿದವನು ಆ ಸಭಾಂಗಣದಲ್ಲೆಲ್ಲ ಅವನೊಬ್ಬನೇ. ಅವಳ ವೈನಿಗೆ ಒಂದು ಬೆಲೆ ಇತ್ತು. ಹೇಳಿಯಾಗಿತ್ತು. ಕಂಕುಳಲ್ಲಿ ಇಟ್ಟುಕೊಂಡು ಹೋಗಿಯೂ ಆಗಿತ್ತು.

"ಪೆನ್ನು ಎಲ್ಲಿದೆ?" ಎಂದಳು.

ನಾದಿನಿಯ ನಗು ನಿಂತಿತು. ಅವಳು ಎದ್ದು, ಖಾನೆ ಎಳೆದು, ಚಮಚಗಳನ್ನು ಸರಿಸಿ ಕಾಗದ ತೆಗೆದಳು, ಪೆನ್ನು ತಂದಳು, ಮೇಜನ್ನು ಒಣಬಟ್ಟೆಯಿಂದ ಒರೆಸಿದಳು. ಕನ್ನಡಕವನ್ನೂ ಹಾಕಿಕೊಂಡಳು.

ಬರೆಯಲು ಹೊರಟಾಗ ತಿಳಿಯಿತು, ಚಳಿಗಾಲದಲ್ಲಿ ಬಿಟ್ಟಿದ್ದ ಜಾಗ ಚಿಕ್ಕದು. ಕಾರ್ಖಾನೆಯ ಬೆಲೆ ಹಿಡಿಸುವಷ್ಟು, ಹೆಚ್ಚೆಂದರೆ ಸಭಾಂಗಣದಲ್ಲಿ ಅವಳೇ ಇಟ್ಟಿದ್ದ ಚೀಟಿ ಹಿಡಿಸುವಷ್ಟು. ಬೆಲೆ ತೋಚಿಲ್ಲ ಎಂದು ಇಷ್ಟು ತಿಂಗಳು ಹೇಳಿಕೊಂಡವಳ ಕೈ, ಆಗಲೇ ಒಂದು ಬೆಲೆಯನ್ನು ಒಳಗೊಳಗೇ ಅಳತೆ ಮಾಡಿ ಇಟ್ಟಿತ್ತು. ಪಕ್ಕದ ಮೇಜಿನವರ ಬೆಲೆಯ ಅರ್ಧವನ್ನು, ಮುದುಕ ಕೊಟ್ಟ ಬೆಲೆಯನ್ನು, ಅವಳು ಅಲ್ಲಿ ತುಂಬಿದಳು. ಅಂಕಿಗಳು ಮುಂದಿನ ಅಕ್ಷರದ ಮೇಲೆ ಹತ್ತಿ ಕೂತವು. ಹೊಸ ಕಾಗದದಲ್ಲಿ ಚೆಂದಗೆ ಬರೆಯಲಾ ಎಂದು ಒಂದು ಕ್ಷಣ ಅನ್ನಿಸಿತು. ಬೇಡ, ಹೊಸದು ಬರೆಯಲು ಕೂತರೆ ಮತ್ತೆ ಜಾಗ ಬಿಡುತ್ತೇನೆ ಎಂದುಕೊಂಡಳು. ಕೆಳಗೆ ಇನ್ನೊಂದು ಸಾಲು ಸೇರಿಸಿದಳು: ದಯವಿಟ್ಟು ಬಂದವರಿಗೆ ಮೊದಲು ಕುಡಿಸಿ, ಆಮೇಲೆ ಬೆಲೆ ಹೇಳಿ. ಎಲ್ಲರಿಗೂ ಅಷ್ಟು ಮಾಡಲಾಗದಿದ್ದರೆ, ದಿನಕ್ಕೆ ಒಬ್ಬರಿಗಾದರೂ.

ನಾದಿನಿ ಭುಜದ ಮೇಲಿಂದ ಓದಿದಳು. "ಅವರು ಒಪ್ಪದೇ ಹೋದ್ರೆ? ಇವತ್ತು ಬಿಟ್ರೆ ಕಾರ್ಖಾನೆಯವರು ಈ ವರ್ಷ ಮತ್ತೆ ತಗೊಳ್ಳಲ್ಲ."

"ಒಪ್ಪದೇ ಹೋದ್ರೆ ವಾರವಾರ ತುಂಬಿಸ್ತಾ ಇರೋದು. ಮರಕ್ಕೂ ಬಾಯಾರುತ್ತೆ."

"ನಂಗೂ ಬಾಯಾರುತ್ತೆ" ಎಂದಳು ನಾದಿನಿ, ಮತ್ತು ಎರಡು ಗ್ಲಾಸಿನಲ್ಲಿ ಉಳಿದದ್ದನ್ನೂ ಒಂದಕ್ಕೆ ಸುರಿದು ಕುಡಿದಳು. "ಎರಡೂ ಚೆನ್ನಾಗಿದೆ."

ಲಕೋಟೆಗೆ ಅಂಟು ಹಚ್ಚುತ್ತಿರುವಾಗ ಹೊರಗೆ ಹಾರನ್ ಕೇಳಿಸಿತು. ಟ್ಯಾಂಕರ್ ಅಂಗಳಕ್ಕೆ ಹಿಮ್ಮುಖವಾಗಿ ಬಂದು ನಿಂತಿತು. ಡ್ರೈವರು ಇಳಿದು ಪೈಪಿನ ಸುರುಳಿ ಬಿಚ್ಚತೊಡಗಿದ್ದ.

"ಎಷ್ಟು ಪೀಪಾಯಿ ಅಮ್ಮ? ನಾಲ್ಕಾ?"

"ಈ ಸಲ ಇಲ್ಲಪ್ಪ. ಪೈಪು ಸುತ್ತಿಬಿಡು."

ಅವನು ಪೈಪನ್ನು ಕೈಯಲ್ಲೇ ಹಿಡಿದು, ಒಬ್ಬಳ ಮುಖ ಆದ ಮೇಲೆ ಇನ್ನೊಬ್ಬಳ ಮುಖ ನೋಡಿದ. "ಫೋನ್ ಮಾಡಿ ಕರೆಸಿದ್ದು ನೀವೇ ಅಲ್ವಾ? ಇಷ್ಟು ದೊಡ್ಡ ಗಾಡಿ ಖಾಲಿ ತಗೊಂಡು ಹೋದ್ರೆ ಅಲ್ಲಿ ನಂಗೆ ಮಂಗಳಾರತಿ."

"ಕರೆಸಿದ್ದು ನಾನೇ, ತಪ್ಪಾಯ್ತು. ಬಂದು ಹೋದ ಖರ್ಚು ನಮ್ಮ ಮೇಲೆ ಹಾಕೋಕೆ ಹೇಳು" ಎಂದಳು ಇವಳು. "ಖಾಲಿ ಹೋಗಬೇಡ. ಇದನ್ನ ಪೇಟೆ ಅಂಚೆ ಡಬ್ಬಿಗೆ ಹಾಕು. ಇವತ್ತೇ ಹಾಕ್ಬೇಕು."

ಡ್ರೈವರು ಲಕೋಟೆಯನ್ನು ತೆಗೆದುಕೊಂಡು, ಹಿಂದೆ ಮುಂದೆ ತಿರುಗಿಸಿ, ಟ್ಯಾಂಕಿನ ಉದ್ದವನ್ನೊಮ್ಮೆ ನೋಡಿ, "ಇದನ್ನ ಒಳಗೆ ಹಾಕ್ಲಾ, ಮುಂದೆ ಇಟ್ಕೊಳ್ಲಾ?" ಎಂದ.

ನಾದಿನಿ ಒಳಗೆ ಓಡಿಹೋಗಿ ಹೋದ ವರ್ಷದ ಒಂದು ಬಾಟಲಿ ತಂದು ಅವನ ಕೈಗಿಟ್ಟಳು. "ಗಾಡಿ ಬಿಡುವಾಗ ಮುಟ್ಟಬೇಡ. ಮನೆಗೆ ಹೋಗಿ ಕುಡಿ."

"ಎಷ್ಟು ಅಕ್ಕಾ ಇದಕ್ಕೆ?"

"ಮೊದಲು ಕುಡಿ. ಆಮೇಲೆ ಬಂದು ನೀನೇ ಹೇಳು."

ಅವನು ನಕ್ಕು, ಬಾಟಲಿಯನ್ನು ಸೀಟಿನ ಪಕ್ಕ ಬಟ್ಟೆಯಲ್ಲಿ ಸುತ್ತಿಟ್ಟು, ಕಾಗದವನ್ನು ಕಣ್ಣೆದುರಿಗೇ ಇರಲೆಂದು ಗಾಜಿನ ಅಂಚಿಗೆ ಸಿಕ್ಕಿಸಿದ. ಗಾಡಿ ಗೇಟು ದಾಟಿ ಇಳಿಜಾರಿನ ಕಲ್ಲುದಾರಿಗೆ ಬಿತ್ತು. ತುಂಬಿದ ಟ್ಯಾಂಕಿನ ಸದ್ದು ಅವಳಿಗೆ ಎಷ್ಟೋ ವರ್ಷಗಳಿಂದ ಗೊತ್ತು, ಮಂದವಾಗಿ, ಉಂಡವರು ನಡೆಯುವ ಹಾಗೆ ಇರುತ್ತದೆ. ಇದು ಪ್ರತಿ ಕಲ್ಲಿಗೂ ಗಂಟೆಯಂತೆ ಬಾರಿಸಿಕೊಂಡು ಹೋಯಿತು. ಕೈಯಲ್ಲಿ ಇನ್ನೂ ಅಂಟಿನ ಜಿಗುಟು ಇತ್ತು. ಅದನ್ನು ಒರೆಸಿಕೊಳ್ಳದೆ, ತಿರುವಿನಲ್ಲಿ ಗಾಡಿ ಮರೆಯಾಗುವವರೆಗೂ, ಗಾಜಿನ ಅಂಚಿನಲ್ಲಿದ್ದ ಆ ಬಿಳಿಯ ಚೌಕ ಕಾಣಿಸಿದಷ್ಟು ಹೊತ್ತೂ, ಮತ್ತು ಅದು ಕಾಣಿಸದೆ ಬರೀ ಸದ್ದು ಉಳಿದ ಮೇಲೂ, ಅವಳು ಗೇಟಿನ ಬಳಿಯೇ ನಿಂತಿದ್ದಳು.